ಪೆಟ್ಟಿಗೆಗೆ ಬಟ್ಟೆ ತೊಡಿಸಿದ ಮಳೆಗಾಲ

ಹೋದ ವಾರ ಹೊಲಿಗೆಯಲ್ಲಿ ಒಳಪದರಕ್ಕೆ ಕೊಡುವ ಅಸ್ತರ್ ಬಟ್ಟೆ ತರಲು ಕುಷ್ಟಗಿಯಿಂದ ಗಂಗಾವತಿಗೆ ಹೋಗಿದ್ದೆ. ಬಟ್ಟೆ ಅಂಗಡಿಗಳ ಸಾಲಿನ ಕೊನೆಯಲ್ಲಿ ಸೋಫಾ ಕುಶನ್ ಮಾಡುವವನೊಬ್ಬನ ಅಂಗಡಿ ಇದೆ. ಮಳೆ ಜೋರಾಯಿತೆಂದು ಅವನ ತಗಡಿನ ಕೆಳಗೆ ನಿಂತೆ. ಒಳಗೆ ಅವನು ಹಲಗೆಗೆ ಅಂಟು ಬಳಿದು ಹೊಸ ಬಟ್ಟೆ ಎಳೆದು ಕೂರಿಸುತ್ತಿದ್ದ. ಹಸಿ ಅಂಟು, ಒದ್ದೆ ನೂಲು, ಕಟ್ಟಿಗೆ ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು.

"ಏನ್ ಬೇಕಾಗಿತ್ರಿ ಅಕ್ಕಾರ?" ಎಂದು ಅವನು ತಲೆ ಎತ್ತಿದ.

"ಏನಿಲ್ರಿ, ಮಳಿ ನಿಲ್ಲೂ ತನಕ ನಿಂದರ್ತೀನಿ" ಎಂದೆ. ಹಾಗೆ ನಿಂತವಳಿಗೆ ಮಳೆ ನಿಂತದ್ದು ತಿಳಿಯಲಿಲ್ಲ. ಅಣ್ಣನ ಕಿವಿಗಾಗಿ ಜೀವ ಕೈಯಲ್ಲಿ ಹಿಡಿದು ಕೂತಿದ್ದ ಆ ಮಳೆಗಾಲ ಪೂರ್ತಿ ಕಣ್ಣ ಮುಂದೆ ಬಂದಿತ್ತು.

ಅಣ್ಣ ಎಂದರೆ ಯಮನೂರಪ್ಪ. ನಮ್ಮ ಓಣಿಯ ಹಿಂದಿನ ಓಣಿಯಲ್ಲೇ ಅವನ ಮನೆ. ಸಣ್ಣ ಗೂಡ್ಸ್ ಆಟೋದಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ, ದಾಳಿಂಬೆ ಹೇರಿಕೊಂಡು ಕುಷ್ಟಗಿಯಿಂದ ಯಲಬುರ್ಗಾದ ತನಕ ಹಳ್ಳಿಹಳ್ಳಿ ತಿರುಗಿ ಮಾರುವುದು ಅವನ ಕಸುಬು. "ಉಳ್ಳಾಗಡ್ಡೀ, ಛಲೋ ಉಳ್ಳಾಗಡ್ಡೀ" ಎಂದು ತನ್ನದೇ ದನಿಯನ್ನು ರೆಕಾರ್ಡ್ ಮಾಡಿ ಆಟೋದ ಎಡಗಡೆಗೆ ಕಟ್ಟಿದ ಮೈಕಿನಲ್ಲಿ ದಿನವಿಡೀ ಕೂಗಿಸುತ್ತಿದ್ದ. ಆದರೆ ಅವನ ಜೀವ ಇದ್ದದ್ದು ಗಿಟಾರಿನಲ್ಲಿ. ಹರೆಯದಲ್ಲಿ ಗಂಗಾವತಿಯ ಸೌಂಡ್ ಅಂಗಡಿಯೊಂದರಲ್ಲಿ ವೈರು ಎಳೆಯುವ ಕೆಲಸಕ್ಕಿದ್ದಾಗ ನೋಡಿ ನೋಡಿಯೇ ಕಲಿತ. ಆಮೇಲೆ ಅಲ್ಲಿನ ಒಂದು ಆರ್ಕೆಸ್ಟ್ರಾದಲ್ಲಿ ಹದಿನಾರು ವರ್ಷ ಗಿಟಾರ್ ನುಡಿಸಿದ. ಆರ್ಕೆಸ್ಟ್ರಾದ ಯಜಮಾನರನ್ನು ಎಲ್ಲರೂ ಮಾಸ್ತರ್ ಎನ್ನುತ್ತಿದ್ದರು. ಅಣ್ಣನನ್ನು ಅವರು "ನಮ್ಮ ಯಮನೂರನ ಕಿವಿ ಅಂದ್ರ ಕಿವಿ" ಎಂದು ಮಂದಿ ಮುಂದೆ ಹೊಗಳುತ್ತಿದ್ದರು. ಯಾರ ದೃಷ್ಟಿ ತಾಗಿತೋ ಏನೋ.

ಕೊರೊನಾ ಮುಗಿದು ಮದುವೆ, ಹಬ್ಬಗಳ ಕಾರ್ಯಕ್ರಮ ಮತ್ತೆ ಶುರುವಾದ ವರ್ಷ ಅದು. ಆ ಬೇಸಿಗೆಯಲ್ಲಿ ಅಣ್ಣ ಎಡಕಿವಿಗೆ ಬೆರಳು ಹಾಕಿ ತಿರುವುತ್ತಿರುವುದನ್ನು ವೈನಿ, ಅವನ ಹೆಂಡತಿ ಹುಲಿಗೆಮ್ಮ, ಮೊದಲು ನೋಡಿದಳು. ಕೊಪ್ಪಳದ ಕಿವಿ ಡಾಕ್ಟರಲ್ಲಿಗೆ ನಾನೇ ಕರೆದುಕೊಂಡು ಹೋದೆ. ಎಡಕಿವಿ ಅರ್ಧದಷ್ಟು ಮಂದವಾಗಿದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರು ಡಾಕ್ಟರು. ಕಾರಣ ಆಟೋದ ಮೈಕಿರಬಹುದು, ಸ್ಟೇಜಿನ ಸದ್ದಿರಬಹುದು, ಖಾತ್ರಿ ಹೇಳಲಾಗುವುದಿಲ್ಲ. "ಬಲಕಿವಿ ಇನ್ನಾ ಛಲೋ ಐತಿ. ಅದನ್ನ ಜ್ವಾಕಿ ಮಾಡ್ಕೋರಿ. ನಾಗರ ಪಂಚಮಿ ಆದಮ್ಯಾಲೆ ಮತ್ತ ಬರ್ರಿ, ಪರೀಕ್ಷೆ ಮಾಡೂಣು" ಎಂದರು. ತಿರುಗಿ ಬಂದು ಬಸ್ಸಿನಿಂದ ಇಳಿಯುವಾಗ ಅಣ್ಣ "ಮಾಸ್ತರ್‌ಗೆ ಹೇಳಬ್ಯಾಡ" ಎಂದ.

ಹೆದರಿದವನ ಮೇಲೆ ಕಪ್ಪೆ ಎಸೆದರು ಎನ್ನುವಂತೆ ಅದೇ ಹೊತ್ತಿಗೆ ಮಾಸ್ತರರ ಫೋನು ಬಂತು. ಶ್ರಾವಣದ ಮೊದಲ ಸೋಮವಾರ ಹುಲಿಹೈದರದಲ್ಲಿ ಕಾರ್ಯಕ್ರಮ ಇದೆ, ಗಿಟಾರಿಗೆ ಹೊಸಬನೊಬ್ಬ ಕೇಳುತ್ತಿದ್ದಾನೆ. "ಮೂರ ವರ್ಷ ಸ್ಟೇಜ್ ಹತ್ತಿಲ್ಲ ನೀ. ಕೈ ಹ್ಯಾಂಗೈತಿ ನೋಡ್ತೀನಿ. ಛಲೋ ಇದ್ರ ಜಾಗಾ ನಿಂದ" ಎಂದರಂತೆ. ಅಣ್ಣ ಕೂಡಲೇ ಪೆಟ್ಟಿಗೆ ತೆಗೆದ. ಗಿಟಾರಿನ ಆಂಪ್ಲಿಫೈಯರಿಗೆ ನಮ್ಮ ಮನೆಗಳಲ್ಲಿ ಪೆಟ್ಟಿಗೆ ಎಂದೇ ಹೆಸರು. ಮೂರು ವರ್ಷ ಅದು ಜೋಳದ ಚೀಲಗಳ ಪಕ್ಕ ಬಿದ್ದಿತ್ತು. ಇಲಿಗಳು ಬಿಡುತ್ತವೆಯೇ? ಮುಂದಿನ ಬಟ್ಟೆಯನ್ನು ಚಿಂದಿ ಚಿಂದಿ ಮಾಡಿದ್ದವು. ಪುಣ್ಯಕ್ಕೆ ಒಳಗಿನ ಸ್ಪೀಕರಿನ ಕಾಗದಕ್ಕೆ ಹಲ್ಲು ತಾಗಿರಲಿಲ್ಲ. ಹಾಕಿ ನೋಡಿದರೆ ಸದ್ದು ಮೊದಲಿನ ಹಾಗೇ ಗಣಗಣ ಎಂದಿತು. ಆದರೆ ಹರಕು ಪೆಟ್ಟಿಗೆ ಹೊತ್ತು ಸ್ಟೇಜ್ ಹತ್ತುವುದು ಹೇಗೆ? ಬಟ್ಟೆ ಇಲ್ಲದಿದ್ದರೆ ಧೂಳು, ತೇವ, ಯಾರದೋ ಬೆರಳು, ಯಾವುದೂ ಒಳಗೆ ಹೋಗಬಹುದು. ಅದಕ್ಕೇ ಅಂತ ಬರುವ ಬಟ್ಟೆ ಕೇಳಿದರೆ ಗಂಗಾವತಿಯ ಅಂಗಡಿಯವನು ಹೊರಗಿನಿಂದ ತರಿಸಬೇಕು, ತಿಂಗಳಾದರೂ ಬೇಕು ಎಂದ. ನಮಗಿದ್ದದ್ದು ಇಪ್ಪತ್ತೈದು ದಿನ.

"ಬಟ್ಟಿಗೆ ಊರೂರು ತಿರಗ್ತೀ, ಹೊಲಿಯಾಕಿ ನಾ ಇಲ್ಲೇನ್ ಸತ್ತೀನೇನು?" ಎಂದೆ ನಾನು. ನನ್ನ ಬಾಯಿ ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ.

"ಇದು ಜಂಪರ್ ಅಲ್ಲಲೇ ಶರಣಿ" ಎಂದ ಅಣ್ಣ. "ಸಪ್ಪಳ ದಾಟಿ ಹೊರಗ ಬರಬೇಕು. ಬಟ್ಟಿ ಬಾಯಿಗೆ ಹಿಡದು ಉಫ್ ಅನ್ನು. ಆ ಕಡೆ ಅಂಗೈಗೆ ಉಸಿರು ಬಡಿಬೇಕು. ಉಸಿರು ದಾಟಿದ್ರ ಸಪ್ಪಳ ದಾಟತೈತಿ."

ಅವತ್ತಿನಿಂದ ನನಗೆ ಹುಚ್ಚು ಹಿಡಿಯಿತು. ಹೊಲಿಯಲು ಬಂದ ಬಟ್ಟೆಗಳನ್ನೆಲ್ಲ ಬಾಯಿಗೆ ಹಿಡಿದು ಊದುವುದೇ ಕೆಲಸ. ಗಿರಾಕಿಯೊಬ್ಬಳು ನೋಡಿ, "ಶರಣಮ್ಮಾರ, ನನ್ನ ಸೀರಿಗೆ ಏನ್ ಮಂತ್ರ ಹಾಕಾಕತ್ತೀರಿ?" ಎಂದು ನಕ್ಕಳು. ರೇಷ್ಮೆ ಖಣ ಗೋಡೆಯ ಹಾಗೆ, ಉಸಿರು ತಿರುಗಿ ಮುಖಕ್ಕೇ ಬಡಿಯಿತು. ಪಾಲಿಸ್ಟರ್ ಸೀರೆಯೂ ಅಷ್ಟೇ. ಸೊಳ್ಳೆ ಪರದೆ ಉಸಿರನ್ನು ಪೂರ್ತಿ ಬಿಟ್ಟಿತು, ಆದರೆ ಒಂದು ಬೆರಳು ತಾಗಿದರೆ ಜೋತು ಬೀಳುತ್ತಿತ್ತು. ಗೋಣಿತಟ್ಟು ನೋಡಲು ಚಂದ, ಬಿಗಿಯಾಗಿಯೂ ಕೂರುತ್ತದೆ. ಅದನ್ನು ಕೊಡವಿದಾಗ ಎದ್ದ ಧೂಳಿಗೆ ಅಣ್ಣ ನಾಲ್ಕು ಸಲ ಸೀನಿ, "ಸ್ಪೀಕರ್‌ಗೆ ದಮ್ಮು ಹತ್ತತೈತಿ" ಎಂದು ಬದಿಗಿಟ್ಟ. ಊರ ಹುಡುಗರ ಕಬಡ್ಡಿ ಅಂಗಿಯ ಜಾಳಿ ಬಟ್ಟೆ ನನಗೆ ಬಹಳ ಹಿಡಿಸಿತ್ತು. ಉಸಿರು ಬಿಡುತ್ತದೆ, ಎಳೆದರೆ ಬರುತ್ತದೆ, ನೀರಿಗೆ ಕುಗ್ಗುವುದಿಲ್ಲ. ಆದರೆ ಬಲ್ಬಿನ ಮುಂದೆ ಹಿಡಿದರೆ ಮಿರಿಮಿರಿ ಮಿಂಚುತ್ತಿತ್ತು. "ಸ್ಟೇಜ್ ಮ್ಯಾಲೆ ನನ್ನ ಪೆಟ್ಟಿಗಿ ಬನಿಯನ್ ಮ್ಯಾಲೆ ಕುಂತಂಗ ಕಾಣ್ತೈತಿ" ಎಂದು ಅಣ್ಣ ಅದನ್ನೂ ಬೇಡವೆಂದ.

ಆನೆಗೊಂದಿಯಲ್ಲಿ ಬಾಳೆನಾರಿನಿಂದ ಚೀಲ, ಚಾಪೆ ಹೆಣೆಯುತ್ತಾರೆ. ಅಲ್ಲಿಗೂ ಹೋಗಿ ಒಂದು ತುಂಡು ತಂದೆ. ಬಣ್ಣವೆಂದರೆ ಬಣ್ಣ, ಹಣ್ಣಾದ ಜೋಳದ ಹಾಗೆ. ತಾತ್ಕಾಲಿಕವಾಗಿ ಮೊಳೆ ಹೊಡೆದು ಕೂರಿಸಿ ನುಡಿಸಿದರೆ ದಪ್ಪ ತಂತಿ ಮೀಟಿದಾಗಲೆಲ್ಲ ನಾರು ಕಟ್ಟಿಗೆಗೆ ಬಡಿದು ಝೀ ಎಂದಿತು. ಅಣ್ಣ ಕೂಡಲೇ ಎಡಕಿವಿ ಮುಚ್ಚಿಕೊಂಡು, "ನಿಮಗೂ ಕೇಳ್ತೈತೇನು ಝೀ ಅಂತ? ಖರೇ ಹೇಳ್ರಿ" ಎಂದ. ನಾನೂ ವೈನಿಯೂ ಒಟ್ಟಿಗೆ "ಕೇಳ್ತೈತಿ, ಕೇಳ್ತೈತಿ" ಎಂದೆವು. ಅವನು ಉಸಿರು ಬಿಟ್ಟ. ಆಗ ನನಗೆ ತಿಳಿಯಿತು, ಅವನು ಬಟ್ಟೆಯನ್ನಷ್ಟೇ ಪರೀಕ್ಷೆ ಮಾಡುತ್ತಿರಲಿಲ್ಲ. ಪ್ರತಿ ಸದ್ದಿಗೂ ತನ್ನ ಕಿವಿಯನ್ನು ಒರೆಗೆ ಹಚ್ಚುತ್ತಿದ್ದ.

ಕಡೆಗೆ ಗಂಗಾವತಿಯಲ್ಲೇ ಕೈಮಗ್ಗದ ಬಟ್ಟೆಯೊಂದು ಸಿಕ್ಕಿತು. ಹೆಗಲ ಮೇಲೆ ಹೊದೆಯಲು ನೇಯ್ದದ್ದು, ಕುಂಕುಮದ ಬಣ್ಣ, ನಡುನಡುವೆ ಸಣ್ಣ ಹಳದಿ ಗೆರೆ. ನೇಯ್ಗೆ ಜಾಳುಜಾಳು. ಊದಿದರೆ ಅಂಗೈಗೆ ಉಸಿರು ತಣ್ಣಗೆ ಬಡಿಯಿತು. ಅಣ್ಣನೂ ಊದಿ ನೋಡಿದ, ಸ್ಪೀಕರಿನ ಮುಂದೆ ಹಿಡಿದು ನುಡಿಸಿಯೂ ನೋಡಿದ. "ಇದ ಆಗಲಿ" ಎಂದ. ಅವನ ಮುಖದ ಮೇಲೆ ಬಹಳ ದಿನಕ್ಕೆ ನಗು ಕಂಡೆ.

ಮುಂದಿನ ಕೆಲಸ ನನ್ನದು, ಯಾರೂ ಕೈ ಹಾಕಬೇಡಿ ಎಂದು ಪೆಟ್ಟಿಗೆಯ ಮುಂದಿನ ಚೌಕಟ್ಟನ್ನು ನನ್ನ ಮನೆಗೆ ತಂದುಕೊಂಡೆ. ಇಪ್ಪತ್ತೆರಡು ವರ್ಷದಿಂದ ಜಂಪರ್, ಅಂದರೆ ರವಿಕೆ, ಹೊಲಿಯುತ್ತ ಬಂದವಳು ನಾನು. ಬಟ್ಟೆಯನ್ನು ಮೊದಲು ನೀರಿಗೆ ಹಾಕಿದೆ, ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ ಅಂತ. ಜಿಟಿಜಿಟಿ ಮಳೆ ಹಿಡಿದು ಕೂತಿತ್ತು, ಬಟ್ಟೆ ಒಣಗಲು ಎರಡು ದಿನ. ಒಣಗಿದ ಮೇಲೆ ಚೌಕಟ್ಟಿನ ಮೇಲೆ ಹಾಸಿ ನೋಡಿದೆ. ನೇಯ್ಗೆ ಜಾಳಾದ್ದರಿಂದ ಚೌಕಟ್ಟಿನ ಹಲಗೆ, ಹಳೇ ಅಂಟಿನ ಕಲೆ, ಮೊಳೆಯ ತೂತು ಎಲ್ಲ ಇಣುಕುತ್ತಿದ್ದವು. ಮೈ ಕಾಣುವ ಬಟ್ಟೆಗೆ ಏನು ಮಾಡುತ್ತೇವೆ? ಒಳಗೆ ಅಸ್ತರ್ ಕೊಡುತ್ತೇವೆ. ಅದಕ್ಕೆ ಯೋಚನೆಯೇ ಬೇಡ, ಕೈ ತಾನಾಗಿ ಹೋಗುತ್ತದೆ. ಜಂಪರಿಗೆ ಅಸ್ತರ್ ಹಾಕದೆ ಕೊಟ್ಟರೆ ನನ್ನ ಗಿರಾಕಿಗಳು ಮುಖಕ್ಕೆ ಎಸೆಯುತ್ತಾರೆ. ಡಬ್ಬಿಯ ತಳದಲ್ಲಿ ಕರಿ ಅಸ್ತರ್ ಇತ್ತು. ಒಳಗೆ ಅದು, ಮೇಲೆ ಕುಂಕುಮದ ಬಟ್ಟೆ. ಸೊಂಟಪಟ್ಟಿ ಎಳೆದಂತೆ ನಾಲ್ಕೂ ಕಡೆ ಎಳೆದು, ಅಂಟು ಬಳಿದು, ಸಣ್ಣ ಮೊಳೆ ಹೊಡೆದು, ಹೆಮ್ಮೆಯಿಂದ ಒಯ್ದು ಕೊಟ್ಟೆ. ವೈನಿ "ಅಯ್ಯ, ಮದುಮಗಳಂಗ ಕಾಣ್ತೈತಿ ನೋಡ್ರಿ" ಎಂದಳು.

ಅಣ್ಣ ಚೌಕಟ್ಟು ಕೂರಿಸಿ ಗಿಟಾರ್ ಹಚ್ಚಿದ. ಒಂದು ಸಾಲು ನುಡಿಸಿ ನಿಲ್ಲಿಸಿದ. ಪೆಟ್ಟಿಗೆಯ ಒಂದು ಗುಂಡಿ ತಿರುವಿದ, ಮತ್ತೆ ನುಡಿಸಿದ. ಇನ್ನೊಂದು ತಿರುವಿದ. ತಲೆಯನ್ನು ಬಲಕ್ಕೆ ವಾಲಿಸಿ ಕೇಳಿದ, ಎಡಕ್ಕೆ ವಾಲಿಸಿ ಕೇಳಿದ. ನನ್ನ ಕಿವಿಗೆ ಗಿಟಾರೆಂದರೆ ಗಿಟಾರು, ಅಷ್ಟೇ. ಹೆಚ್ಚುಕಮ್ಮಿ ತಿಳಿಯುವ ಕಿವಿ ಆ ಮನೆಯಲ್ಲಿ ಅವನದೊಂದೇ.

"ಹ್ಯಾಂಗೈತಿ?" ಎಂದೆ.

"ಛಲೋ ಐತಿ" ಎಂದ. ಗಿಟಾರನ್ನು ಗೋಡೆಗೆ ಒರಗಿಸಿ, ಎದ್ದು ಹಿತ್ತಲಿಗೆ ಹೋದ.

ಅಲ್ಲಿಂದ ಮುಂದೆ ಹತ್ತು ದಿನ ಅಣ್ಣ ಗಿಟಾರ್ ಮುಟ್ಟಲಿಲ್ಲ. ಆಟೋದ ಮೈಕ್ ಬಂದ್ ಮಾಡಿದ. ಸುಮ್ಮನೆ ಬಂದು ಸುಮ್ಮನೆ ಹೋಗುವ ಗಾಡಿ ಯಾರಿಗೆ ತಿಳಿಯಬೇಕು? ಉಳ್ಳಾಗಡ್ಡಿ ಚೀಲಗಳು ಹೋದ ಹಾಗೇ ತಿರುಗಿ ಬಂದು ತೇವಕ್ಕೆ ಮೊಳಕೆ ಬಿಟ್ಟವು. ಮನೆಯಲ್ಲಿ ಯಾರು ಮಾತಾಡಿದರೂ ಅವರ ತುಟಿಯನ್ನೇ ನೋಡುತ್ತಿದ್ದ. ಮಾಸ್ತರರ ಕಾರ್ಯಕ್ರಮಕ್ಕೆ ಐದು ದಿನವಿರುವಾಗ ವೈನಿ ಮಳೆಯಲ್ಲೇ ನನ್ನ ಮನೆಗೆ ಬಂದಳು. ತಲೆಯ ಮೇಲಿನ ಸೆರಗು ತೊಯ್ದು ಮುಖಕ್ಕೆ ಅಂಟಿತ್ತು.

"ಶರಣವ್ವ, ನಿಮ್ಮಣ್ಣ ಮಾಸ್ತರ್‌ಗೆ ಫೋನ್ ಮಾಡಿ ಬರಂಗಿಲ್ಲ ಅಂದಬಿಟ್ಟಾನ. ಬಲಕಿವಿನೂ ಹೋತಂತ. ಸಣ್ಣ ತಂತಿ ಸಪ್ಪಳನ ಕೇಳವಲ್ದು ಅಂತಾನ. ಗಿಟಾರ್ ಯಾರಿಗರ ಕೊಟ್ಟಬಿಡು ಅಂತ ನನಗ ಹೇಳ್ಯಾನ."

ನಾನು ಓಡಿದೆ. ಅಣ್ಣ ಹೊರಸಿನ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. "ಏಳು, ಈಗಿಂದೀಗ ಕೊಪ್ಪಳಕ್ಕ ಹೋಗೂಣು. ಪಂಚಮಿ ತನಕ ಯಾಕ ಕಾಯೂದು?" ಎಂದೆ.

"ಹೋಗಂಗಿಲ್ಲ" ಎಂದ. "ಹೋದ್ರ ಖರೇ ಆಗ್ತೈತಿ. ಈಗರ ಅನುಮಾನ ಐತಿ."

ನನ್ನ ಅಣ್ಣ ಅಳುವುದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಅವತ್ತು ಗೋಡೆಯ ಕಡೆ ತಿರುಗಿದ ಅವನ ಬೆನ್ನು ಅಲುಗುತ್ತಿತ್ತು. ಮನೆಗೆ ಬಂದು ಹೊಲಿಗೆ ಯಂತ್ರದ ಮುಂದೆ ಕೂತೆ. ದಾರ ಪೋಣಿಸಲು ಕಣ್ಣು ಕಾಣಲಿಲ್ಲ.

ಮಾರನೇ ದಿನ ಮಧ್ಯಾಹ್ನ ದಾಳಿಂಬೆ ತೋಟದ ಕೆಲಸಕ್ಕೆ ಹೋಗುವ ಹೆಂಗಸೊಬ್ಬಳು ತನ್ನ ಜಂಪರ್ ಹಿಡಿದು ಬಂದಳು. ಹಬ್ಬಕ್ಕೆಂದು ನಾನೇ ಹೊಲಿದು ಕೊಟ್ಟದ್ದು.

"ಅಕ್ಕಾರ, ಈ ಅಸ್ತರ್ ಬಿಚ್ಚಿಬಿಡ್ರಿ. ಮ್ಯಾಲಿನ ಬಟ್ಟಿ ಹಗುರ ಐತಿ, ಆದ್ರ ಅಸ್ತರ್ ಕೂಡಿ ಬೇಯ್ತೈತಿ ನೋಡ್ರಿ ಮೈ. ಒಂದೀಟೂ ಗಾಳಿ ಆಡಂಗಿಲ್ಲ."

ಕತ್ತರಿ ತೆಗೆದು ಹೊಲಿಗೆ ಬಿಚ್ಚಲು ಶುರು ಮಾಡಿದವಳು ಅಲ್ಲೇ ನಿಂತೆ. ಗಾಳಿ ಆಡುವುದಿಲ್ಲ. ಮೇಲಿನ ಬಟ್ಟೆ ಹಗುರ, ಅಸ್ತರ್ ಕೂಡಿದರೆ ಗಾಳಿ ಆಡುವುದಿಲ್ಲ. ಎದ್ದು ಚಿಂದಿಯ ಚೀಲವನ್ನು ನೆಲಕ್ಕೆ ಸುರಿದೆ. ಕುಂಕುಮದ ಬಟ್ಟೆಯ ತುಂಡು ಸಿಕ್ಕಿತು, ಕರಿ ಅಸ್ತರಿನ ತುಂಡು ಸಿಕ್ಕಿತು. ಒಂದರ ಮೇಲೊಂದು ಇಟ್ಟು ಬಾಯಿಗೆ ಹಿಡಿದು ಊದಿದೆ. ಅಂಗೈಗೆ ಏನೂ ತಾಗಲಿಲ್ಲ. ಜೋರಾಗಿ ಊದಿದೆ. ಇಲ್ಲ. ಮೇಲಿನ ಬಟ್ಟೆಯನ್ನು ಹತ್ತು ಸಲ ಊದಿ ಪರೀಕ್ಷೆ ಮಾಡಿದವಳು, ಎರಡನ್ನೂ ಕೂಡಿಸಿ ಒಂದು ಸಲವೂ ಊದಿ ನೋಡಿರಲಿಲ್ಲ. ಅಸ್ತರ್ ಕೊಟ್ಟ ಸಂಗತಿಯನ್ನು ಅಣ್ಣನಿಗೆ ಹೇಳಿಯೂ ಇರಲಿಲ್ಲ. ಹೇಳುವಂಥ ವಿಷಯ ಅನ್ನಿಸಿಯೇ ಇರಲಿಲ್ಲ.

"ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದು ಹಣೆ ಬಡಿದುಕೊಂಡೆ. ಆ ಹೆಂಗಸು ಹೆದರಿ, "ಇರ್ಲಿ ಬಿಡ್ರಿ ಅಕ್ಕಾರ, ಹಂಗ ತೊಟಗೋತೀನಿ" ಎಂದಳು.

ಕತ್ತರಿ ಹಿಡಿದುಕೊಂಡೇ ಮಳೆಯಲ್ಲಿ ಹೊರಟೆ. ಹಿಂದಿನ ಓಣಿ ಎಂದರೆ ನೂರು ಹೆಜ್ಜೆ ಇರಬಹುದು. ಅಷ್ಟರಲ್ಲಿ ನನ್ನ ಕಾಲುಗಳು ಎರಡು ಸಲ ನಿಂತವು. ಅಸ್ತರ್ ತೆಗೆದ ಮೇಲೂ ಅವನಿಗೆ ಕೇಳದಿದ್ದರೆ? ಈಗ ಅನುಮಾನವಾದರೂ ಇದೆ ಎಂದಿದ್ದ. ನಾನು ಹೋಗಿ ಅದನ್ನೂ ಕಿತ್ತುಕೊಂಡರೆ? ತಪ್ಪು ನನ್ನದೆಂದು ಬಾಯಿಬಿಡಲು ನಾಚಿಕೆ ಒಂದು ಕಡೆ, ತಪ್ಪು ನನ್ನದೇ ಆಗಿರಲಿ ದೇವರೇ ಎಂದು ಬೇಡುವ ಮನಸ್ಸು ಇನ್ನೊಂದು ಕಡೆ. ನನ್ನ ಕೆಲಸದಲ್ಲಿ ತಪ್ಪಿರಲೆಂದು ನಾನು ಹರಕೆ ಹೊತ್ತದ್ದು ಅದೊಂದೇ ಸಲ.

ಒಳಗೆ ಹೋದವಳೇ ಪೆಟ್ಟಿಗೆಯ ಚೌಕಟ್ಟು ಕಿತ್ತು, ಹಿಂದಿನಿಂದ ಸ್ಪೀಕರಿನ ದುಂಡನೆಯ ಜಾಗದ ಗುಂಟ ಕರಿ ಅಸ್ತರನ್ನು ಕತ್ತರಿಸತೊಡಗಿದೆ. ಮೇಲಿನ ಬಟ್ಟೆಗೆ ಕತ್ತರಿ ತಾಗಿದರೆ ಎಲ್ಲ ನೀರಿನಲ್ಲಿ ಹೋಮ. ಅಣ್ಣ ಹೊರಸಿನಿಂದ ಎದ್ದು ಬಂದ.

"ಏನ್ ಮಾಡಾಕತ್ತೀ?"

"ಅಣ್ಣಾ, ನಾ ಒಳಗ ಅಸ್ತರ್ ಹಾಕೀನಿ."

"ಏನ್ ಹಾಕೀ?"

"ಅಸ್ತರ್. ಜಂಪರ್‌ಗೆ ಹಾಕ್ತೀವಲ್ಲ, ಹಂಗ. ಊದಿ ನೋಡೀನಿ, ಉಸಿರು ದಾಟವಲ್ದು."

ಬೈಯಲಿ, ಹೊಡೆಯಲಿ ಎಂದುಕೊಂಡೆ. ಅವನು ಏನೂ ಮಾಡದೆ ಕೂತು ಚೌಕಟ್ಟನ್ನು ತಾನೇ ಕೂರಿಸಿದ, ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡ. ತಂತಿಯ ಮೇಲೆ ಬೆರಳಿಟ್ಟ. ಅಡುಗೆಮನೆಯಲ್ಲಿ ವೈನಿ ರೊಟ್ಟಿ ಬಡಿಯುವ ಸದ್ದೊಂದೇ ಇತ್ತು. ನಾನು ಕಣ್ಣು ಮುಚ್ಚಿದೆ.

ಗುಂಡಿಗಳನ್ನೆಲ್ಲ ಅವನು ಹತ್ತು ದಿನದ ಹಿಂದೆ ಕೊನೆಯ ತನಕ ತಿರುವಿ ಬಿಟ್ಟಿದ್ದ. ಸಣ್ಣ ತಂತಿ ಮೀಟಿದ ಕೂಡಲೇ ಪೆಟ್ಟಿಗೆ ಕಿಟಾರನೆ ಚೀರಿತು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು, ಹೊರಗೆ ಕಟ್ಟಿದ್ದ ಆಡು ಹಗ್ಗ ಜಗ್ಗಿ ಒದರಿತು. ಅಣ್ಣ ಎರಡೂ ಕಿವಿ ಮುಚ್ಚಿಕೊಂಡ. ಮುಚ್ಚಿಕೊಂಡವನು ನಗತೊಡಗಿದ, ನಗುತ್ತ ನಗುತ್ತಲೇ ಅತ್ತ. "ಹುಚ್ಚಿ! ಹತ್ತ ದಿನ ನನ್ನ ಕಿವುಡನ್ನ ಮಾಡಿ ಕುಂದರಿಸಿದ್ಯಲ್ಲಲೇ ಹುಚ್ಚಿ!" ಎಂದು ನನ್ನ ತಲೆಗೊಂದು ಮೊಟಕಿದ. ಹಿಟ್ಟಿನ ಕೈಯಲ್ಲೇ ಓಡಿ ಬಂದ ವೈನಿ ಏನೂ ತಿಳಿಯದೆ ನಮ್ಮಿಬ್ಬರ ಜೊತೆ ತಾನೂ ಅತ್ತಳು.

ಹುಲಿಹೈದರ ಮಾತ್ರ ಕೈತಪ್ಪಿತು. ಬರುತ್ತೇನೆಂದು ಅಣ್ಣ ಮತ್ತೆ ಫೋನ್ ಮಾಡಿದಾಗ ಮಾಸ್ತರರು ಹೊಸಬನಿಗೆ ಮಾತು ಕೊಟ್ಟಾಗಿತ್ತು. ಆ ಸೋಮವಾರ ಅಣ್ಣ ಮನೆಯಲ್ಲೇ ಕೂತು, ಹುಲಿಹೈದರದಲ್ಲಿ ಆಗುತ್ತಿದ್ದ ಹಾಡುಗಳನ್ನೆಲ್ಲ ಮೆಲ್ಲಗೆ ನುಡಿಸಿದ. ಕಾರ್ಯಕ್ರಮ ತಪ್ಪಿದ್ದಕ್ಕೆ ಅವನು ನನಗೆ ಒಂದು ಮಾತೂ ಬೈಯಲಿಲ್ಲ. ಅದೇ ನನ್ನನ್ನು ಇಂದಿಗೂ ಚುಚ್ಚುತ್ತದೆ. ಮರುತಿಂಗಳು ಯಲಬುರ್ಗಾದ ಗಣಪತಿ ಹಬ್ಬಕ್ಕೆ ಮಾಸ್ತರರು ಕರೆದು ಕೈ ನೋಡಿದರು. ಈಗ ಹಳೇ ಹಾಡುಗಳಿಗೆ ಅಣ್ಣ, ಹೊಸ ಹಾಡುಗಳಿಗೆ ಆ ಹೊಸಬ.

ಅದಕ್ಕೂ ಮೊದಲು, ಪಂಚಮಿ ಮುಗಿದಾಗಲೇ ಕೊಪ್ಪಳಕ್ಕೆ ಹೋಗಿದ್ದೆವು. ಬಲಕಿವಿ ಇದ್ದ ಹಾಗೇ ಇದೆ ಎಂದರು ಡಾಕ್ಟರು. ಎಡಕಿವಿ ಇನ್ನೊಂದಿಷ್ಟು ಇಳಿದಿತ್ತು. ಬಸ್ಸಿನಲ್ಲಿ ನಾನು ಅವನ ಬಲಕ್ಕೆ ಕೂತು ಕೇಳಿದೆ, "ಅಣ್ಣಾ, ಆಟೋದ ಮೈಕ್ ಬಿಡಾಕ ಆಗಂಗಿಲ್ಲೇನು?"

"ಮೈಕ್ ಇಲ್ಲಂದ್ರ ಉಳ್ಳಾಗಡ್ಡಿ ಹೋಗಂಗಿಲ್ಲ. ಆ ಹತ್ತ ದಿನ ನೋಡಿದ್ಯಲ್ಲ" ಎಂದ.

ಮನೆಗೆ ಬಂದವಳೇ ಯಂತ್ರದ ಮುಂದೆ ಕೂತೆ. ಮೈಕಿನ ಸದ್ದು ಒಳಗೆ ಬರದಂತೆ ಆಟೋದ ಎಡಗಡೆ ಬಾಗಿಲಿನ ಅಗಲಕ್ಕೆ ಒಂದು ದಪ್ಪ ಪರದೆ, ಮೈಕಿನ ಬೆನ್ನಿಗೆ ಒಂದು ಟೊಪ್ಪಿಗೆ. ಮೇಲೆ ಗೋಣಿತಟ್ಟು, ನಡುವೆ ಹಳೇ ಕೌದಿಯ ತುಂಡು, ಒಳಗೆ ಎರಡು ಪದರ ಕರಿ ಅಸ್ತರ್. ಹೊಲಿದು ಮುಗಿಸಿ ಬಾಯಿಗೆ ಹಿಡಿದು ಊದಿದೆ. ಅಂಗೈಗೆ ಏನೂ ತಾಗಲಿಲ್ಲ. ಮತ್ತೊಮ್ಮೆ, ಕೆನ್ನೆ ನೋಯುವ ಹಾಗೆ ಊದಿ ನೋಡಿದೆ.

ಮಳೆಗೆ ಅದು ಒಂದೇ ವರ್ಷ ತಾಳುತ್ತದೆ. ಹಾಗಾಗಿ ಪ್ರತಿ ಮುಂಗಾರಿಗೆ ಹೊಸದು ಹೊಲಿಯುತ್ತೇನೆ. ಹೋದ ವಾರ ಗಂಗಾವತಿಗೆ ಹೋದದ್ದೂ ಅದಕ್ಕೇ. ಕುಶನ್ನಿನವನ ತಗಡಿನ ಕೆಳಗಿಂದ ಹೊರಟು ಬಟ್ಟೆ ಅಂಗಡಿಗೆ ಹೋಗಿ, ಕರಿ ಅಸ್ತರ್ ಕೇಳಿ, ಬಿಚ್ಚಿಸಿ, ಎರಡು ಪದರ ಮಡಿಸಿ ಬಾಯಿಗೆ ಹಿಡಿದು ಊದಿದೆ. ಅಂಗಡಿಯವನು, "ಯಾಕ್ರಿ ಅಕ್ಕಾರ, ಗಾಳಿ ಆಡೂ ಅಂಥಾದ್ದು ಬೇಕೇನ್ರಿ? ತಗೀತೀನಿ" ಎಂದ.

"ಬ್ಯಾಡ್ರಿ" ಎಂದೆ. "ಒಂದೀಟೂ ಆಡಬಾರದು. ಇದನ್ನ ಕೊಡ್ರಿ. ನಮ್ಮಣ್ಣಗ."